ಮಗ್ಗುಲ ಮನೆಯ ಮಾತು

ಅಪ್ಪಾ,

ನಾಡಿದ್ದು ಧಾರವಾಡದಲ್ಲಿ ಅವ್ವನ ಆಪರೇಷನ್. ಸರ್ಜನ್ ಓದಿದ್ದೆಲ್ಲಿ, ಕೈಗುಣ ಹೇಗೆ ಎಂದು ಮೊಬೈಲಿನಲ್ಲಿ ಹುಡುಕಿ ಹುಡುಕಿ ಸಾಕಾಯಿತು. ನಂಬಿಕೆ ಮಾತ್ರ ಬರಲಿಲ್ಲ. "ಎತ್ತು ತಗೊಳ್ಳೂ ಮುಂದ ಮಾರಾವನ್ನ ಕೇಳಬ್ಯಾಡ, ಅವನ ಮಗ್ಗಲ ಮನಿಯವರನ್ನ ಕೇಳು" ಎನ್ನುತ್ತಿದ್ದೆಯಲ್ಲ? ಅದಕ್ಕೇ ಇವತ್ತು ದಾಂಡೇಲಿಯಿಂದ ತೇರಗಾಂವಕ್ಕೆ ಹೋದೆ, ಇದೇ ಸರ್ಜನ್ ಕೈಯಲ್ಲಿ ಆಪರೇಷನ್ ಮಾಡಿಸಿಕೊಂಡ ಕಾಶೆವ್ವನ ಮಗ್ಗುಲ ಮನೆಗೆ. ಮನೆಯೊಡತಿ ಮಾಲವ್ವನಿಗೆ ನಿನ್ನ ಗುರುತಿತ್ತು.

"ಕಾಶೆವ್ವ ಕಳೇ ತಗ್ಯಾಕ ಹೋಗ್ಯಾಳವಾ. ಮದ್ಲಿನಂಗ ದುಡೀತಾಳ" ಎಂದಳು.

ನನ್ನ ಜೀವ ತುಸು ತಣ್ಣಗಾಯಿತು. ಚಹಾ ಕೊಡುತ್ತ ಕೇಳಿದಳು: "ನಿಮ್ಮಪ್ಪ ಆಪರೇಷನ್‌ದಾಗ ಹ್ವಾದ್ರಲ್ಲ, ಆ ಡಾಕ್ಟರ ಯಾರಿದ್ರವ್ವಾ?"

ನಿನ್ನ ಆಪರೇಷನ್ ಹೊತ್ತಿಗೆ ನಾನು ವಿಚಾರಿಸಿಯೇ ಇರದ ಹೆಸರನ್ನು ನೆನಪಿಸಿಕೊಳ್ಳುವವಳಂತೆ ಚಹಾ ಕುಡಿಯುತ್ತ ಕೂತೆ.