ಗುಬ್ಬಿಯನ್ನು ಎತ್ತಿಕೊಂಡದ್ದು

ಮಾರ್ಚ್ 4, ಬೆಳಿಗ್ಗೆ

ಮತ್ತೆ ಸ್ಟೂಲ್ ಮೇಲೆ ಸ್ನಾನ. ಹೆಂಡತಿಯೇ ನೀರು ಹುಯ್ದು ಕೆಲಸಕ್ಕೆ ಓಡಿದಳು. ಗೋಡೌನ್‌ನಲ್ಲಿ ಮೂಟೆ ಎತ್ತುವಾಗ ಸೊಂಟ ಹೋದಾಗಿನಿಂದ ಹಗಲೆಲ್ಲ ಮನೆಯಲ್ಲಿ ನಾನು, ಮಗಳು ಗುಬ್ಬಿ. ಇನ್ಶೂರೆನ್ಸ್‌ನವರು ಕೊಡುವುದರಲ್ಲೇ ಬಾಡಿಗೆ, ಅವಳ ಹಾಲು.

ಎದುರಿಗೆ ಬೂದು ಕಾರು. ನಿನ್ನೆಯೂ ಇತ್ತು. ಒಳಗೊಬ್ಬ ಕೂತಿದ್ದಾನೆ — ಇಳಿಯುವುದಿಲ್ಲ.

ಮಾರ್ಚ್ 5

ನಮ್ಮ ಗೋಡೌನ್ ಯೂನಿಯನ್ ಲೀಡರ್ ಅಣ್ಣನಿಗೆ ಫೋನ್ ಮಾಡಿದೆ. ಇನ್ಶೂರೆನ್ಸ್‌ನವರ ಕಡೆಯವನೇ ಇರಬೇಕು, ನಿಜವಾಗಿ ಕೈಲಾಗದವನೋ ಅಲ್ಲವೋ ಎಂದು ನೋಡಲು ಕಳಿಸುತ್ತಾರೆ ಎಂದ. ನಿಜವಾಗಿಯೇ ಆಗದವನು ನಾನು. ಆದರೂ ಕಳ್ಳನ ಹಾಗೆ ಅನ್ನಿಸಿತು. ಕಿಟಕಿ ಹತ್ತಿರ ಹೋಗುವಾಗ ಬೇಕೆಂದೇ ಜಾಸ್ತಿ ಕುಂಟಿದೆ. ಆಮೇಲೆ ನಾಚಿಕೆ... ಸೊಂಟದ ಜೊತೆ ನನ್ನ ನಡಿಗೆಯೂ ಹೋಯಿತು. ಯಾವುದು ಅಸಲಿ ಕುಂಟು, ನನಗೇ ತಿಳಿಯುತ್ತಿಲ್ಲ.

ಮಾರ್ಚ್ 7

ಗುಬ್ಬಿ ಮನೆಮುಂದಿನ ಮೆಟ್ಟಿಲ ಕಂಬಿ ಹತ್ತಿದ್ದಳು. ಕಾಲು ಜಾರಿತು. ಓಡಿದ್ದು ನೆನಪಿಲ್ಲ. ನೋಡಿದರೆ ಅವಳನ್ನು ಎದೆಗವಚಿಕೊಂಡು ನಿಂತಿದ್ದೇನೆ. ಬೆನ್ನಿನಲ್ಲಿ ಏನೋ ಛಟ್ ಎಂದಿತು. ಕಾರಿನ ಗಾಜು ಇಳಿದಿತ್ತು. ಒಳಗಿದ್ದವನ ಕೈಯಲ್ಲಿ ಕ್ಯಾಮೆರಾ.

ಮಾರ್ಚ್ 16

ಇವತ್ತು ಕೂರಲು ಆಯಿತು. ಇಷ್ಟು ದಿನ ಮಲಗಿದಲ್ಲೇ ಎಲ್ಲ. ಹೆಂಡತಿ ರಜೆ ಹಾಕಿದ್ದಾಳೆ. ಕಾರು ಮರುದಿನವೇ ಮಾಯವಾಯಿತಂತೆ. ಅವನಿಗೆ ಬೇಕಾದ್ದು ಸಿಕ್ಕಿತಲ್ಲ.

ಏಪ್ರಿಲ್ 2

ಇನ್ಶೂರೆನ್ಸ್ ಆಫೀಸಿಗೆ ಕರೆಸಿದ್ದರು. ಅಲ್ಲಿಯ ಮೇಡಂ ಮೇಜಿನ ಮೇಲೆ ಫೋಟೊ ಇಟ್ಟರು. ಗುಬ್ಬಿಯನ್ನು ಎತ್ತಿಕೊಂಡು ನಿಂತ ನಾನು.

"ಇದು ನೀವೇ ತಾನೆ?"

"ನಾನೇ ಮೇಡಂ. ಮಗು ಬೀಳ್ತಿತ್ತು. ಇದಾದ್ಮೇಲೆ ವಾರಪೂರ್ತಿ ಹಾಸಿಗೆ ಬಿಟ್ಟು ಎದ್ದಿಲ್ಲ. ಅದರ ಫೋಟೊ ತೆಗ್ದಿಲ್ವಾ?"

ಮೇಡಂ ಫೋಟೊವನ್ನು ಫೈಲಿಗೆ ಸೇರಿಸಿದರು. ಹಣ ಸದ್ಯಕ್ಕೆ ನಿಲ್ಲಿಸಿದ್ದಾರೆ.

ಹೊರಗೆ ಯೂನಿಯನ್ ಅಣ್ಣ ಕಾಯುತ್ತಿದ್ದ. ಇವರ ಮೇಲೆ ಅಪೀಲು ಹಾಕೋಣ, ಅದು ಮುಗಿಯುವವರೆಗೆ ಸುಮ್ಮನೆ ಕೂರುವುದು ಬೇಡ, ಸರ್ಕಾರದ ಅಂಗವಿಕಲರ ಪಿಂಚಣಿಗೂ ಅರ್ಜಿ ಕೊಡೋಣ ಎಂದ. ಅಲ್ಲಿ ಫೋಟೊ ನೋಡುವುದಿಲ್ಲವಂತೆ, ಮೈ ನೋಡುತ್ತಾರಂತೆ. ಮೈಯೂ ನನ್ನನ್ನೇ ಸುಳ್ಳುಗಾರ ಮಾಡಿದರೆ?

ಮೇ 20

ಸರ್ಕಾರಿ ಡಾಕ್ಟರು ಪಾದಕ್ಕೆ ಸೂಜಿ ಚುಚ್ಚಿದರು. ಎಡಗಾಲಿಗೆ ಗೊತ್ತೇ ಆಗಲಿಲ್ಲ. ಅದನ್ನು ಕಂಡು ಹೆದರಿದೆ, ಸಮಾಧಾನವೂ ಆಯಿತು — ಎಂಥ ಸಮಾಧಾನ.

ಜೂನ್ 11

ಪಿಂಚಣಿ ಮಂಜೂರು. ಇನ್ಶೂರೆನ್ಸ್‌ನವರು ಕೊಡುತ್ತಿದ್ದುದರ ಅರ್ಧವೂ ಇಲ್ಲ. ಆದರೂ ಹೆಂಡತಿ ಬಸ್ಸಿನಲ್ಲಿ ಸೆರಗು ಬಾಯಿಗಿಟ್ಟು ಅತ್ತಳು. ಪಿಂಚಣಿ ಆಫೀಸಿನವರು ಆಗಾಗ ಮನೆಗೆ ಬಂದು ನೋಡುತ್ತಾರಂತೆ. ಹೇಳದೆ ಬರುತ್ತಾರೆ.

ಜೂನ್ 14, ಮಧ್ಯಾಹ್ನ

ಗುಬ್ಬಿ ಬಾಗಿಲಲ್ಲಿ ಬಿದ್ದು ಮಂಡಿ ತರಚಿಕೊಂಡಳು. ಕೈ ಚಾಚಿದೆ. ಹಿಂದೆ ಸರಿದಳು.

"ಬೇಡಪ್ಪ. ನೀನು ಎತ್ಕೊಂಡ್ರೆ ಅವ್ರು ಬರ್ತಾರೆ."

ಯಾರೂ ಬರುವುದಿಲ್ಲ ಎಂದೆ. ನಂಬಲಿಲ್ಲ. ಅಳುವನ್ನು ನುಂಗಿಕೊಂಡು ಮೂಲೆಯಲ್ಲಿ ಕೂತಳು.

ಈಗ ಯಾರೋ ಬಾಗಿಲು ತಟ್ಟುತ್ತಿದ್ದಾರೆ. ಪಕ್ಕದ ಮನೆಯವರೇ ಇರಬೇಕು. ಗುಬ್ಬಿ ಮಂಚದಡಿ ನುಸುಳಿ ಬಾಯಿ ಮುಚ್ಚಿಕೊಂಡಿದ್ದಾಳೆ. ಬಗ್ಗಿ ಅವಳನ್ನು ಕರೆಯೋಣವೆಂದರೆ ನನಗೆ ಆಗುತ್ತಿಲ್ಲ — ಸೊಂಟದಿಂದಲೋ, ಬಾಗಿಲಾಚೆಯವರು ನೋಡಿಯಾರೆಂಬ ಹೆದರಿಕೆಯಿಂದಲೋ, ನನಗೇ ತಿಳಿಯುತ್ತಿಲ್ಲ.