ಕಡಲಿಗೆ ಚೆಲ್ಲಿದ ಚರಗ

ಕಡಲ ದಂಡೆಯ ಪ್ರವಾಸಿ ಮಂದಿರದ ಮಾನ್ಯ ಅಧಿಕಾರಿಗಳೇ,

ಮೊದಲಿಗೆ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ತಾವು ನನ್ನ ಕುಟುಂಬವನ್ನು ಮಂದಿರದಿಂದ ಹೊರಹಾಕಿದ ದಿನವನ್ನು ಹಿಂದಿನ ಪತ್ರದಲ್ಲಿ ಡಿಸೆಂಬರ್ ಇಪ್ಪತ್ತೈದು ಎಂದು ಬರೆದಿದ್ದೆ. ಅದು ಇಪ್ಪತ್ತನಾಲ್ಕು. ಮರಳಿ ಬಂದ ಬಸ್ಸಿನ ಚೀಟಿಯನ್ನು ನೋಡಿ ಬರೆದುದರಿಂದ ಒಂದು ದಿನ ಮುಂದಕ್ಕೆ ಸರಿಯಿತು. ಆಯುಷ್ಯವೆಲ್ಲ ಮಕ್ಕಳ ಬರಹ ತಿದ್ದಿದ ಕನ್ನಡ ಶಿಕ್ಷಕನಿಗೆ ಇಂಥ ಅಜಾಗರೂಕತೆ ಶೋಭಿಸುವುದಿಲ್ಲ. ಕ್ಷಮಿಸಬೇಕು.

ತಾವು ಆ ತಪ್ಪನ್ನು ಹಿಡಿದ ಚುರುಕುತನವನ್ನು ಮೆಚ್ಚಲೇಬೇಕು. ‘ಸದರಿ ಇಪ್ಪತ್ತೈದರಂದು ಈ ಹೆಸರಿನ ಯಾವ ಕುಟುಂಬವೂ ಮಂದಿರದಲ್ಲಿ ತಂಗಿರಲಿಲ್ಲವಾದ್ದರಿಂದ ದೂರು ನಿರಾಧಾರ’ ಎಂದು ಉತ್ತರಿಸಿದಿರಿ. ನಿಜ ಸ್ವಾಮಿ, ತಂಗಿರಲಿಲ್ಲ. ಮೂರು ದಿನಕ್ಕೆಂದು ಮೊದಲೇ ಗೊತ್ತುಪಡಿಸಿಕೊಂಡ ಕೋಣೆಯಲ್ಲಿ ಎರಡನೆಯ ದಿನವೇ ನಾವೇಕೆ ಇರಲಿಲ್ಲ? ಎರಡು ಎಳೆಯ ಮಕ್ಕಳು, ಒಬ್ಬ ಮುದುಕಿ, ಒಬ್ಬ ಮುದುಕ ಎಲ್ಲಿಗೆ ಹೋದೆವು? ಕಡಲಿನಲ್ಲಿ ಕರಗಿದೆವೇ? ನನ್ನ ದೂರನ್ನು ಅಲ್ಲಗಳೆಯಲು ಹೋಗಿ ತಾವೇ ಅದಕ್ಕೆ ಸಾಕ್ಷಿ ನುಡಿದಿದ್ದೀರಿ. ಆದಕಾರಣ ಈ ಸಲ ತಮ್ಮ ಕಚೇರಿಯ ಕಪಾಟಿಗೆ ಬರೆಯದೆ ಎಲ್ಲರೂ ಓದುವಂತೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ನಡೆದದ್ದು ಇಷ್ಟು. ನಮ್ಮ ಮೊಮ್ಮಕ್ಕಳಾದ ಗುರಣ್ಣ, ರೇವವ್ವ ಕಡಲನ್ನು ಕಂಡವರಲ್ಲ. ಮುದ್ದೇಬಿಹಾಳದಲ್ಲಿ ಕೆರೆ ತುಂಬಿದರೇ ಊರಿಗೆ ಊರೇ ನೋಡಲು ಹೋಗುತ್ತದೆ. ಶಾಲೆಯ ರಜೆ ಬಿದ್ದದ್ದು ಎಳ್ಳಮಾವಾಸ್ಯೆಯ ವಾರ. ಆ ದಿನ ನಮ್ಮ ಕಡೆ, ಇಂಡಿಯಿಂದ ಬಸವನ ಬಾಗೇವಾಡಿಯವರೆಗೆ, ಯಾರೂ ಹೊಲ ಬಿಟ್ಟು ಕದಲುವುದಿಲ್ಲ. ತೆನೆ ಹೊತ್ತು ನಿಂತ ಭೂಮಿಯನ್ನು ಬಸುರಿಯೆಂದು ಬಗೆದು, ಬುತ್ತಿಯ ಅಡುಗೆಯನ್ನು ಹೊಲದ ತುಂಬ ಚೆಲ್ಲಿ ಆಕೆಯ ಬಯಕೆ ತೀರಿಸುತ್ತೇವೆ. ಇದಕ್ಕೆ ಚರಗವೆನ್ನುತ್ತೇವೆ. ಹೊರಡಲು ನನ್ನ ಹೆಂಡತಿ ಕಸ್ತೂರೆವ್ವ ಒಂದೇ ಕರಾರು ಹಾಕಿದಳು: “ಹೊಲದಾಗ ಸೊಸಿ ಚೆಲ್ತಾಳ, ಕಡಲಿಗೆ ನಾ ಚೆಲ್ತೇನಿ. ಅದೂ ಭೂಮಿತಾಯೀನ ಐತ್ರಿ, ನೀರು ಉಟಗೊಂಡಾಳ ಅಷ್ಟ.”

ಅಮಾವಾಸ್ಯೆಯ ದಿನ ಹೊತ್ತೇರುವಷ್ಟರಲ್ಲಿ ತಮ್ಮ ಮಂದಿರ ತಲುಪಿದೆವು. ನೀರಿನಂಚಿನಲ್ಲಿ ಆಕೆ ಬಹಳ ಹೊತ್ತು ನಿಂತಳು. “ಎಷ್ಟ ದೊಡ್ಡ ಹೊಲಾರಿ! ಒಂದ ಬದುವರೆ ಐತೇನ ಇದಕ್ಕ?” ಎಂದಳು. ಮಕ್ಕಳು ನೀರಿಗೆ ಎಳೆಯುತ್ತಿದ್ದರು. ತಾಯಿ ಉಣ್ಣುವ ಮೊದಲು ಆಕೆಯ ಮೈಮೇಲೆ ಆಡಬಾರದೆಂದು ತಡೆದು, ಮರುದಿನ ಬೆಳಗಿನಿಂದ ಮನದಣಿಯೆ ಮೀಯಲು ಬಿಡುವೆನೆಂದು ಮಾತು ಕೊಟ್ಟಳು. ಆಮೇಲೆ ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆಗಳನ್ನು ಮುರಿದು “ಹುಲ್ಲುಲ್ಲಿಗೋ” ಎಂದು ಚರಗದ ಕೂಗು ಹಾಕುತ್ತ ತೆರೆಗಳಿಗೆ ಚೆಲ್ಲುತ್ತ ಹೋದಳು. ಹಿಂದೆ ತಂಬಿಗೆ ಹಿಡಿದು ನೀರು ಚಿಮುಕಿಸುವ ಕೆಲಸ ಗುರಣ್ಣನದು.

“ಆಯಿ, ಕಡಲಿಗೇ ನೀರ ಹಾಕಸ್ತೀಯಲ್ಲ! ಮೀನ ಬೆಳಿತಾವನ?”

“ಬೆಳೀಲಿ ಬಿಡೋ ಹುಚ್ಚಕೋಡಿ, ಅವಕೂ ಹೊಟ್ಟಿ ಇಲ್ಲೇನ?”

ಆಗ ತಾವು ಬಂದಿರಿ.

“ಏನಿದು ಗಲೀಜು? ಬೀಚೇನು ನಿಮ್ಮ ತಿಪ್ಪೆಯೇ? ನ್ಯೂಸೆನ್ಸ್!” ಎಂದಿರಿ. ನಾಡಿಗೆ ಕರ್ನಾಟಕವೆಂದು ಹೆಸರಿಟ್ಟು ಎರಡು ತಿಂಗಳೂ ತುಂಬಿರಲಿಲ್ಲ. ಬೈಗುಳಕ್ಕೂ ತಮಗೆ ಪರಭಾಷೆ ಬೇಕಾಯಿತು. ಕಸ್ತೂರೆವ್ವ ಸಿಟ್ಟಾಗಲಿಲ್ಲ. ತಟ್ಟೆಯಲ್ಲಿ ಉಳಿದಿದ್ದ ಹೋಳಿಗೆಯನ್ನು ತಮ್ಮ ಮುಂದೆ ಹಿಡಿದಳು. “ಗಲೀಜಲ್ರಿ ಸಾಹೇಬರ, ಚರಗ ಐತಿ. ಅಮಾಸಿ ದಿನಾ ಬಂದೀರಿ, ನೀವೂ ಒಂದ ತುತ್ತ ಉಣ್ರಿ.” ತಾವು ತಟ್ಟೆಯನ್ನು ಕೈಯಿಂದ ತಳ್ಳಿದಿರಿ. ಹೋಳಿಗೆ ಮರಳಿಗೆ ಬಿತ್ತು. “ಮುತ್ಯಾ, ಅವ್ರು ಆಯಿಗೆ ಏನಂದ್ರು?” ಎಂದು ರೇವವ್ವ ಕೇಳಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಮಗುವಿಗೆ ಪದದ ಅರ್ಥ ಹೇಳದೆ, ಬಿದ್ದ ಹೋಳಿಗೆಯನ್ನು ಎತ್ತಿಕೊಂಡೆ.

ಸಂಜೆಯೊಳಗೆ ನಮ್ಮ ಟ್ರಂಕು ಅಂಗಳದಲ್ಲಿತ್ತು. ಅದರ ಪಕ್ಕಕ್ಕೇ ಯಾರೋ ದೊಡ್ಡವರ ಬೀಗರ ಕಾರು ಬಂದು ನಿಂತಿತು. ನಮ್ಮ ಹಾಸಿಗೆ ಹೊರಬೀಳುವ ಮೊದಲೇ ಅವರ ಹಾಸಿಗೆ ಒಳಗೆ ಹೋಯಿತು. ಶುಚಿತ್ವದ ಮೇಲಿನ ತಮ್ಮ ಅಕ್ಕರೆ ಎಷ್ಟು ಸಮಯಸ್ಫೂರ್ತಿಯುಳ್ಳದ್ದು! ತಮ್ಮ ಅಡುಗೆಮನೆಯ ಬಚ್ಚಲ ನೀರು, ಮೀನಿನ ಮುಳ್ಳುಗಳ ಸಮೇತ, ಹರಿದು ಹೋಗುತ್ತಿದ್ದುದೂ ಅದೇ ಮರಳಿನ ಮೇಲೆಯೇ. ಅದಕ್ಕೆ ಯಾವ ಭಾಷೆಯಲ್ಲಿ ಏನೆನ್ನುತ್ತೀರಿ?

ಮಕ್ಕಳು ಪಾದ ಕೂಡ ನೆನೆಯಿಸದೆ ಮರಳಿದರು. ಅದನ್ನಾದರೂ ಮರೆತೇನು. ಆದರೆ ಯುಗಾದಿಯಂದು ಸೊಸೆಗೆ ಕಸ್ತೂರೆವ್ವ ಹೇಳಿದ ಮಾತನ್ನು ಮರೆಯಲಾರೆ: “ಇನ್ನ ಮ್ಯಾಲ ಹೊಲದಾಗೂ ಚರಗ ನೀನ ಚೆಲ್ಲ ತಂಗಿ. ನನ್ನ ಕೈಯಾಂದು ಗಲೀಜಂತ.” ಮದುವೆಯಾಗಿ ಬಂದಂದಿನಿಂದ ಒಂದು ವರ್ಷವೂ ತಪ್ಪಿಸದ ಕೈ ಅದು. ಆ ಕೈಯನ್ನು ತಾವು ಒಂದೇ ಮಾತಿನಿಂದ ಕಟ್ಟಿಹಾಕಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ. ಕ್ಷಮಾಪಣೆಯ ಪತ್ರ ಬೇಡ, ಅದನ್ನು ತಮ್ಮ ಗುಮಾಸ್ತ ಬರೆಯುತ್ತಾನೆ. ಬರುವ ಎಳ್ಳಮಾವಾಸ್ಯೆಗೆ ತಾವು ಖುದ್ದಾಗಿ ನಮ್ಮ ಹೊಲಕ್ಕೆ ಬರಬೇಕು. ಬದುವಿನ ಮೇಲೆ ಕುಳಿತು, ಆಕೆ ನೀಡಿದ ಹೋಳಿಗೆಯನ್ನು ಉಂಡು, “ತಪ್ಪಾಯಿತು ತಾಯೀ” ಎಂದು ಕನ್ನಡದಲ್ಲಿ ಹೇಳಬೇಕು. ಬಳಿಕ ತಂಬಿಗೆ ಹಿಡಿದು ಆಕೆಯ ಹಿಂದೆ ನೀರು ಚಿಮುಕಿಸುತ್ತ ಹೊಲವಿಡೀ ನಡೆಯಬೇಕು. ಗುರಣ್ಣ ತನ್ನ ಕೆಲಸವನ್ನು ಆ ಒಂದು ದಿನ ತಮಗೆ ಬಿಟ್ಟುಕೊಡಲು ಒಪ್ಪಿದ್ದಾನೆ.

ಬಾರದಿದ್ದರೆ ನಾವೇ ಬರುತ್ತೇವೆ. ಇಂಡಿ, ಸಿಂದಗಿ, ಬಾಗೇವಾಡಿಗಳ ನಂಟರಿಗೆ ಹೇಳಿಕಳುಹಿಸಿಯಾಗಿದೆ. ಅವರ ಹೆಂಗಸರಿಗೂ ಕಡಲನ್ನು ಕಾಣುವ ಆಸೆ ಬಹಳವಿದೆ. ಒಬ್ಬೊಬ್ಬರ ತಲೆಯ ಮೇಲೆ ಒಂದೊಂದು ಬುತ್ತಿ ಇರುತ್ತದೆ. ತಮ್ಮ ಮೆಟ್ಟಿಲಿನಿಂದ ಮೊದಲುಮಾಡಿ ನೀರಿನವರೆಗೂ ಚೆಲ್ಲುತ್ತೇವೆ. ಆಗ ಯಾರ ಯಾರ ತಟ್ಟೆಯನ್ನು ತಳ್ಳುವಿರೋ ನೋಡೋಣ.

ಇಂತಿ,
ಕಡಲನ್ನು ಅರ್ಧ ಹಗಲು ಮಾತ್ರ ಕಂಡ
ಗುರಲಿಂಗಪ್ಪ, ಮುದ್ದೇಬಿಹಾಳ

ಹಿಂದಿನ ಪತ್ರದ ತೇದಿಗಳ ತಿದ್ದುಪಡಿ:

ಹೋಳಿಗೆ ಮರಳಿಗೆ ಬಿದ್ದದ್ದು: ಡಿಸೆಂಬರ್ 25 ಅಲ್ಲ, 24 ಡಿಸೆಂಬರ್ 1973, ಸೋಮವಾರ, ಅಮಾವಾಸ್ಯೆ.

ನಮ್ಮನ್ನು ಹೊರಹಾಕಿದ್ದು: ಅದೂ 24, ಅದೇ ಸಂಜೆ.

ಮೊಮ್ಮಕ್ಕಳು ಕಡಲಿನಲ್ಲಿ ಮಿಂದದ್ದು: 25 ಎಂದು ಗೊತ್ತುಮಾಡಿತ್ತು, ಆ ದಿನ ಇನ್ನೂ ಬಂದಿಲ್ಲ.

ಮುಂದಿನ ಎಳ್ಳಮಾವಾಸ್ಯೆ: ‘ಬರುವ ಡಿಸೆಂಬರ್’ ಎಂದಿದ್ದೆ. ಹೊಸ ಪಂಚಾಂಗದಲ್ಲಿ ಅಧಿಕ ಮಾಸ ಬಂದಿರುವುದರಿಂದ ಅದು 12 ಜನವರಿ 1975. ಅಂದು ರವಿವಾರ, ತಮ್ಮ ಕಚೇರಿಗೆ ರಜೆ. ನಮಗೆ ಇಲ್ಲ.