ದೀಪದ ಮೇಲೆ ಅಂಟಿಸಿದ ನಕ್ಷತ್ರ

ರೀ,

ಕಾರು ಮುಟ್ಟಬೇಡಿ. ಕೀ ಮೆಕ್ಯಾನಿಕ್ ಹತ್ತಿರ ಕೊಟ್ಟಿದ್ದೇನೆ.

ಸ್ಟೀರಿಂಗ್ ಮುಂದೆ ಬ್ರೇಕಿನ ಎಚ್ಚರಿಕೆ ದೀಪ, ಸಸ್ಪೆನ್ಶನ್ ದೀಪ ಎರಡೂ ಒಟ್ಟಿಗೆ ಹೊತ್ತಿಕೊಂಡರೆ ಅವುಗಳ ಮೇಲೆ ಮಗಳ ನಕ್ಷತ್ರದ ಸ್ಟಿಕ್ಕರ್ ಅಂಟಿಸಿ ಓಡಿಸಿಕೊಂಡಿದ್ದಿರಲ್ಲ, ಥೂ! ಹೇಸಿಗೆಯಾಗುತ್ತೆ ನನಗೆ.

ಹಿಂದಿನ ಎಡಚಕ್ರದ ಸೆನ್ಸರ್ ವೈರು ಕಿತ್ತುಹೋಗಿದೆಯಂತೆ. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಬ್ರೇಕಿಗೂ ಸಸ್ಪೆನ್ಶನ್ನಿಗೂ ಸುದ್ದಿ ಮುಟ್ಟಿಸೋದು ಅದೊಂದೇ. ಈಗ ಜೋರಾಗಿ ಬ್ರೇಕ್ ಒತ್ತಿದರೆ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತಂತೆ. ಇದರಲ್ಲೇ ಮಗಳನ್ನು ಸ್ಕೂಲಿಗೆ ಬಿಡುತ್ತಿದ್ದಿರಿ!

ಮೆಕ್ಯಾನಿಕ್ ಸಂಜೆ ಹೊಸ ವೈರು ತರುತ್ತಾನೆ. ಹಲ್ಲು ಕಿರಿಯುತ್ತಾ ನಿಲ್ಲಬೇಡಿ. ಸ್ಟಿಕ್ಕರ್ ನೀವೇ ಕೆರೆದು ತೆಗೆಯಿರಿ.

ನಾನು ಮಗಳನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತಿದ್ದೇನೆ. ಮೈ ಕೆಂಡದ ಹಾಗೆ ಸುಡುತ್ತಿದೆ. ಬೆಳಿಗ್ಗೆಯೇ ಗೊತ್ತಾಗಬೇಕಿತ್ತು; ಥರ್ಮಾಮೀಟರಿನ ಅಂಕಿಯ ಮೇಲೆ ನಕ್ಷತ್ರ ಅಂಟಿಸಿಟ್ಟು, "ಜ್ವರ ಹೋಯ್ತಮ್ಮ, ಅಪ್ಪನೂ ಹೀಗೇ ಮಾಡೋದು" ಅಂದಳು.